ಕೀಟದ ಛಾಯಾಚಿತ್ರವೂ ಔಷಧದ ನಿರ್ಣಯವೂ

ಬೆಳೆಯಲ್ಲಿ ಹುಳು ಕಂಡೊಡನೆ ಕೈಫೋನಿನಲ್ಲಿ ಅದರ ಚಿತ್ರವನ್ನು ತೆಗೆದು ಔಷಧದ ಅಂಗಡಿಗೆ ಕಳುಹಿಸಿ, ಅಲ್ಲಿಂದ ಹೇಳಿ ಬಂದ ಔಷಧವನ್ನು ಆ ದಿನವೇ ಸಿಂಪಡಿಸುವ ಪದ್ಧತಿಯು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ರೈತರಲ್ಲಿಯೂ ಉಂಟು. ಛಾಯಾಚಿತ್ರವು ಉಪಯುಕ್ತವಾದ ಸಾಧನವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರಿಂದ ದೊರೆಯತಕ್ಕದ್ದು ಸುಳಿವೇ ಹೊರತು ತೀರ್ಪಲ್ಲ.

ಈ ಸೀಮೆಯ ಮುಖ್ಯ ಬೆಳೆಯಾದ ಟೊಮೇಟೊವನ್ನೇ ನೋಡಬಹುದು. ಇದರ ಎಲೆಯೊಳಗೆ ಸುರಂಗ ಕೊರೆಯುವ ಕೀಟಗಳಲ್ಲಿ ಮುಖ್ಯವಾದವು ಎರಡು. ಒಂದು ಸಣ್ಣ ನೊಣದ ಮರಿ. ಇದು ಹಾವು ಹರಿದಂತೆ ಬಳುಕಿದ ಕಿರಿದಾದ ಬಿಳಿಯ ಗೆರೆಯನ್ನು ಮಾಡುವುದು. ಇನ್ನೊಂದು, ದಕ್ಷಿಣ ಅಮೆರಿಕದಿಂದ ಹರಡಿ 2014ರಲ್ಲಿ ಭಾರತದಲ್ಲಿ ಮೊದಲು ಕಂಡುಬಂದ ಟೂಟಾ ಪತಂಗದ ಮರಿ. ಇದರ ಸುರಂಗವು ಅಗಲವಾದ ಮಚ್ಚೆಯಂತಿರುವುದಲ್ಲದೆ, ಇದು ಕಾಯನ್ನೂ ಕೊರೆಯುವುದು. ದೂರದಿಂದ ತೆಗೆದ ಮಸುಕಾದ ಚಿತ್ರದಲ್ಲಿ ಇವೆರಡೂ ಒಂದೇ ಎಂಬಂತೆ ತೋರಬಹುದು. ನೊಣವನ್ನು ಹತೋಟಿಯಲ್ಲಿಡುವ ಸಣ್ಣ ಕಣಜಗಳು ಹೊಲದಲ್ಲಿಯೇ ಇರುತ್ತವೆ. ನೊಣವನ್ನು ಪತಂಗವೆಂದು ಬಗೆದು ಉಗ್ರವಾದ ಔಷಧವನ್ನು ಸಿಂಪಡಿಸಿದಲ್ಲಿ ಕಣಜಗಳು ಸತ್ತು, ನೊಣವೇ ಹೆಚ್ಚುವುದುಂಟು. ಆಗ ಹಣವೂ ಹೋಗಿ ಪೀಡೆಯೂ ಉಳಿಯುವುದು.

ನಷ್ಟವು ಒಬ್ಬನಲ್ಲಿಯೇ ನಿಲ್ಲುವುದೂ ಇಲ್ಲ. ರೇಷ್ಮೆಹುಳುವೂ ಪತಂಗದ ಮರಿಯೇ. ಟೊಮೇಟೊ ಹೊಲದ ಔಷಧವು ಗಾಳಿಗೆ ಹಾರಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ, ಆ ಸೊಪ್ಪನ್ನು ತಿಂದ ನೆರೆಯವನ ಹುಳುಗಳು ಸಾಯುತ್ತವೆ.

2018ರಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಅಮೆರಿಕದ ಸೈನಿಕ ಹುಳುವನ್ನು ಭಾರತದಲ್ಲಿ ಮೊದಲು ಗುರುತಿಸಿದ ವಿಜ್ಞಾನಿಗಳು ಮರಿಯ ಹೊರಗುರುತುಗಳಿಗೇ ತೃಪ್ತರಾಗಲಿಲ್ಲ. ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರದಂತಹ ಗೆರೆಯಿದ್ದರೂ, ಪತಂಗದ ಅಂಗರಚನೆಯನ್ನೂ ವಂಶವಾಹಿಯನ್ನೂ ಪರೀಕ್ಷಿಸಿಯೇ ನಿರ್ಣಯಿಸಿದರು. ಕೇಂದ್ರ ಸರ್ಕಾರವು 2024ರ ಆಗಸ್ಟ್ 15ರಂದು ಆರಂಭಿಸಿದ ರಾಷ್ಟ್ರೀಯ ಕೀಟ ನಿಗಾ ವ್ಯವಸ್ಥೆಯಲ್ಲಿ ಚಿತ್ರದ ಮೂಲಕ ಕೀಟವನ್ನು ಗುರುತಿಸುವ ಅನುಕೂಲವುಂಟು. ಆದರೆ ಚಿತ್ರದಲ್ಲಿ ಇಲ್ಲದ ಲಕ್ಷಣವನ್ನು ಯಾವ ಯಂತ್ರವೂ ಕಾಣಲಾರದು.

ಆದುದರಿಂದ ಎಲೆಯ ಎರಡು ಮಗ್ಗುಲನ್ನೂ, ಸುರಂಗವನ್ನು ಬಿಡಿಸಿ ಒಳಗಿನ ಮರಿಯನ್ನೂ, ಅಳತೆಗಾಗಿ ಪಕ್ಕದಲ್ಲಿ ಒಂದು ನಾಣ್ಯವನ್ನಿಟ್ಟು ಹತ್ತಿರದಿಂದ ಚಿತ್ರಿಸುವುದು ಯುಕ್ತ. ಊರು, ತಾರೀಖು, ಬೆಳೆಯ ವಯಸ್ಸು ಇವನ್ನೂ ಬರೆದಿಡತಕ್ಕದ್ದು. ಜೀವಂತ ಮರಿಯನ್ನು ಎಲೆಯ ಸಮೇತ, ಗಾಳಿಯಾಡುವ ಸೀಸೆಯಲ್ಲಿಟ್ಟು, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕಾಗಲಿ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಒಯ್ಯುವುದು ಎಲ್ಲಕ್ಕಿಂತ ಮೇಲು. ಹುಳು ಯಾವುದೆಂದು ತಿಳಿಯುವವರೆಗೆ ಸಿಂಪಡಣೆಯನ್ನು ತಡೆದಿರುವ ರೈತನು ತನ್ನ ಹಣವನ್ನೂ ನೆರೆಯವನ ರೇಷ್ಮೆಯನ್ನೂ ಉಳಿಸಿದವನಾಗುವನು.