ಒಂದು ಮರಕ್ಕೆ ರೋಗ ಬಂದ್ರೆ ತೋಟ ನೋಡ್ತೀವಿ. ಮನೆ?

(1/5)
ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟ ಇರೋರಿಗೆ ಇದನ್ನ ಹೇಳ್ಕೊಡಬೇಕಾಗಿಲ್ಲ. ಒಂದು ತೆಂಗಿಗೆ ಅಣಬೆ ರೋಗ ಬಂದ್ರೆ ಅದೊಂದನ್ನೇ ಕಡಿದು ಸುಮ್ಮನಾಗಲ್ಲ. ಸುತ್ತ ಕಂದಕ ತೆಗೀತೀರಿ, ಪಕ್ಕದ ಮರಗಳ ಬುಡ ನೋಡ್ತೀರಿ. ಅದೇ 16 ವರ್ಷದ ಹುಡುಗ ಕಬಡ್ಡಿ ಆಡ್ತಾ ಕುಸಿದು ಸತ್ರೆ? ‘ಆಯಸ್ಸು ಅಷ್ಟೇ ಇತ್ತು’ ಅಂತ ತಿಥಿ ಮುಗಿಸ್ತೀವಿ. ಅವನ ತಂಗಿಗೆ ಒಂದು ಎಕೋ ಮಾಡಿಸೋಣ ಅಂತ ಯಾರೂ ಅನ್ನಲ್ಲ.

(2/5)
ಎಲ್ಲ ಹೃದಯದ ಕಾಯಿಲೆಯೂ ರಕ್ತನಾಳ ಕಟ್ಟಿಕೊಂಡು ಬರೋದಲ್ಲ. ಕೆಲವು ಮಕ್ಕಳಲ್ಲಿ ಹೃದಯದ ಸ್ನಾಯುವೇ ದಪ್ಪ ಆಗುತ್ತೆ, ಇನ್ನು ಕೆಲವರಲ್ಲಿ ಹಿಗ್ಗಿ ಸೋಲುತ್ತೆ. ಇದೇ ಕಾರ್ಡಿಯೋಮಯೋಪಥಿ. ಹಲವು ಸಲ ಇದು ವಂಶವಾಹಿಯಿಂದ ಬರುತ್ತೆ. ಸ್ನಾಯು ದಪ್ಪವಾಗುವ ಬಗೆಯಲ್ಲಿ, ದೋಷ ಇರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಸಾಮಾನ್ಯವಾಗಿ ಶೇ. 50. ಸ್ಟೆತಾಸ್ಕೋಪ್‌ಗೆ ಏನೂ ಕೇಳಿಸದೆಯೂ ಇರಬಹುದು.

(3/5)
‘ಇದೆಲ್ಲ ವಿದೇಶದ ರೋಗ’ ಅನ್ನಬೇಡಿ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿದ್ದ ತಂಡ 2009ರಲ್ಲೇ ತೋರಿಸಿದೆ: ಹೃದಯ ಸ್ನಾಯುವಿನ ಒಂದು ವಂಶವಾಹಿಯಲ್ಲಿ 25 ಅಕ್ಷರ ಅಳಿಸಿಹೋಗಿರೋದು ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು ನಾಲ್ಕು ಜನರಲ್ಲಿದೆ. ಅವರೆಲ್ಲ ರೋಗಿಗಳಲ್ಲ. ಆದ್ರೆ ಇದು ನಮ್ಮದೇ ವಿಷಯ.

(4/5)
2025ರಲ್ಲಿ ಪಕ್ಕದ ಹಾಸನದ ಸಾವುಗಳಾದ ಮೇಲೆ ಸರ್ಕಾರ ಎಚ್ಚೆತ್ತಿತು. ಆಸ್ಪತ್ರೆಯ ಹೊರಗಿನ ಹಠಾತ್ ಸಾವಿಗೆ ಮರಣೋತ್ತರ ಪರೀಕ್ಷೆ, 15 ದಾಟಿದ ವಿದ್ಯಾರ್ಥಿಗಳಿಗೆ ವರ್ಷಕ್ಕೊಮ್ಮೆ ಹೃದಯ ತಪಾಸಣೆ ಅಂತ ಘೋಷಿಸಿತು. ಒಳ್ಳೇದು. ಆದ್ರೆ ಈ ಕಾಯಿಲೆ 15ರ ತನಕ ಕಾಯುತ್ತಾ? ವಯಸ್ಸು ನೋಡಿ ಮಾತ್ರ ತಪಾಸಣೆ ಸಾಲದು, ಕುಟುಂಬ ನೋಡಿ ಆಗಬೇಕು. ಒಬ್ಬರಲ್ಲಿ ಪತ್ತೆಯಾದ್ರೆ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ ಎಲ್ಲರಿಗೂ ಇಸಿಜಿ, ಎಕೋ ಆಗಬೇಕು. ಅದೂ ತಾಲ್ಲೂಕು ಆಸ್ಪತ್ರೆಗೇ ತಿಂಗಳಿಗೊಂದು ದಿನ ಮಕ್ಕಳ ಹೃದಯ ತಜ್ಞರು ಬಂದು. ಕೂಲಿ ಬಿಟ್ಟು ಇಡೀ ಸಂಸಾರ ಬೆಂಗಳೂರಿನ ಜಯದೇವಕ್ಕೆ ಹೋಗಲಿ ಅನ್ನೋದು ಸುಲಭ, ಹೋಗೋದು ಸುಲಭ ಅಲ್ಲ.

(5/5)
ಈಗ ನಿಮಗೊಂದು ಮಾತು. ‘ಹೇಳಿದ್ರೆ ಹುಡುಗಿಗೆ ಗಂಡು ಸಿಗಲ್ಲ’ ಅಂತ ಮನೆಯ ಸಾವುಗಳನ್ನ ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಮೊಮ್ಮಕ್ಕಳ ಹೃದಯದಲ್ಲಿ ಬೆಳೆಯುತ್ತೆ. ನಿಮ್ಮ ವಂಶದಲ್ಲಿ 40ರೊಳಗೆ ಇದ್ದಕ್ಕಿದ್ದಂತೆ ಹೋದವರು ಯಾರು ಅಂತ ಅಜ್ಜಿಯನ್ನ ಕೇಳಿ, ಬರೆದಿಡಿ, ವೈದ್ಯರಿಗೆ ತೋರಿಸಿ. ಓಡುವಾಗ ಮಗು ತಲೆಸುತ್ತಿ ಬಿದ್ರೆ ‘ನಿಶ್ಶಕ್ತಿ’ ಅಂತ ಬಿಡಬೇಡಿ. ಮೊದಲೇ ಗೊತ್ತಾದ್ರೆ ಮಾತ್ರೆ ಇದೆ, ಆಟದ ಬಗ್ಗೆ ಸಲಹೆ ಇದೆ, ಅಪಾಯ ಹೆಚ್ಚಿದ್ದವರಿಗೆ ಎದೆಯೊಳಗೆ ಕೂರಿಸೋ ಐಸಿಡಿ ಇದೆ. ಗೊತ್ತಾಗದೇ ಇದ್ರೆ ಉಳಿಯೋದು ಗೋಡೆ ಮೇಲೆ ಹಾರ ಹಾಕಿದ ಫೋಟೋ.

ಮನೆಯವರ ಗ್ರೂಪಿಗೆ ಕಳಿಸಿ 🌴

#ಮಕ್ಕಳಹೃದಯ #ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ