ವೈಫೈ ದೋಷ: ‘ಸುಮ್ಮನೆ ಗಾಬರಿ’ ಎನ್ನುವವರಿಗೆ

ವೈಫೈ ಭದ್ರತೆಯಲ್ಲಿ ದೋಷ ಸಿಕ್ಕಿತೆಂಬ ಸುದ್ದಿ ಬಂದಾಗಲೆಲ್ಲ ಅದನ್ನು ಸುಮ್ಮನೆ ಗಾಬರಿ ಎಂದು ತಳ್ಳಿಹಾಕುವವರಿದ್ದಾರೆ. ಬೆಲ್ಜಿಯಂನ ಸಂಶೋಧಕರಾದ ಮ್ಯಾಥಿ ವಾನ್‌ಹೂಫ್ ಮತ್ತು ಫ್ರಾಂಕ್ ಪೀಸೆನ್ಸ್ 2017ರ ಅಕ್ಟೋಬರ್‌ನಲ್ಲಿ ಡಬ್ಲ್ಯುಪಿಎ2 ಎಂಬ ವೈಫೈ ರಕ್ಷಣೆಯಲ್ಲಿನ ‘ಕ್ರ್ಯಾಕ್’ ದೋಷವನ್ನು ಬಯಲಿಗಿಟ್ಟಾಗಲೂ ಅದೇ ವಾದಗಳು ಎದ್ದವು.

‘ಕಳ್ಳ ನಮ್ಮ ಮನೆ ಹತ್ತಿರವೇ ಬರಬೇಕು, ಯಾರು ಬರುತ್ತಾರೆ?’ ಹತ್ತಿರ ಬರಬೇಕೆಂಬುದು ನಿಜ. ಆದರೆ ಬರುತ್ತಾರೆ. ಅಮೆರಿಕದ ಟಿಜೆಎಕ್ಸ್ ಮಳಿಗೆಗಳ ಜಾಲಕ್ಕೆ 2005ರಲ್ಲಿ ಕಳ್ಳರು ನುಗ್ಗಿದ್ದು ಅಂಗಡಿಯ ವೈಫೈ ಮೂಲಕವೇ. ಅಲ್ಲಿದ್ದ ‘ವೆಪ್’ ಎಂಬ ಹಳೆಯ ರಕ್ಷಣೆ ಮುರಿಯುತ್ತದೆಂದು ಸಂಶೋಧಕರು 2001ರಲ್ಲೇ ತೋರಿಸಿದ್ದರು. ಆ ಎಚ್ಚರಿಕೆಗೆ ಕಿವಿಗೊಡದ್ದರ ಫಲವಾಗಿ 4.5 ಕೋಟಿಗೂ ಹೆಚ್ಚು ಕಾರ್ಡುಗಳ ವಿವರ ಕಳುವಾಯಿತು.

‘ಡಬ್ಲ್ಯುಪಿಎ2 ಭದ್ರವೆಂದು ಗಣಿತವೇ ಸಾಬೀತು ಮಾಡಿದೆ.’ ಆ ಪುರಾವೆ ತಪ್ಪಾಗಿರಲಿಲ್ಲ. ಸಂದೇಶಗಳನ್ನು ಗುಪ್ತಗೊಳಿಸುವ ಕೀಲಿಯನ್ನು ಯಾವಾಗ ಅಳವಡಿಸಬೇಕೆಂಬುದನ್ನು ಅದು ಪರಿಗಣಿಸಿರಲಿಲ್ಲ, ಅಷ್ಟೆ. ಫೋನು ಮತ್ತು ರೂಟರ್ ನಡುವೆ ನಾಲ್ಕು ಸಂದೇಶಗಳು ಓಡಾಡಿ ಕೀಲಿ ಸಿದ್ಧವಾಗುತ್ತದೆ. ದಾಳಿಕೋರ ಮೂರನೆಯದನ್ನು ಮತ್ತೆ ತಲುಪಿಸಿದರೆ ಫೋನು ಅದೇ ಕೀಲಿಯನ್ನು ಇನ್ನೊಮ್ಮೆ ಹೂಡುತ್ತದೆ, ಒಮ್ಮೆ ಮಾತ್ರ ಬಳಸಬೇಕಾದ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಒಂದೇ ಕೀಲಿ, ಒಂದೇ ಎಣಿಕೆಯಲ್ಲಿ ಗುಪ್ತಗೊಂಡ ಎರಡು ಸಂದೇಶಗಳನ್ನು ತಾಳೆ ಹಾಕಿ ಬಿಡಿಸಬಹುದು. ಆಂಡ್ರಾಯ್ಡ್ 6 ಅಂತೂ ಬರೀ ಸೊನ್ನೆಗಳ ಕೀಲಿ ಹೂಡುತ್ತಿತ್ತು!

‘ಎಚ್‌ಟಿಟಿಪಿಎಸ್ ಇದೆಯಲ್ಲ?’ ಇದು ತೂಕವಿರುವ ವಾದ. ತಾಣದ ಜೊತೆಗಿನ ಸಂಪರ್ಕವನ್ನು ಗುಪ್ತಗೊಳಿಸುವ ಈ ಪದರ ಬ್ಯಾಂಕಿನ ವ್ಯವಹಾರವನ್ನು ಬಹುಮಟ್ಟಿಗೆ ಕಾಯುತ್ತದೆ. ಆದರೆ ಸರಿಯಾಗಿ ಅಳವಡಿಸದ ತಾಣದಲ್ಲಿ ಆ ಪದರವನ್ನೂ ಕಳಚಬಹುದೆಂದು ವಾನ್‌ಹೂಫ್ ವಿಡಿಯೊದಲ್ಲೇ ತೋರಿಸಿದರು. ಮನೆಯೊಳಗಿನ ಅಗ್ಗದ ಕ್ಯಾಮೆರಾಗಳಿಗೆ ಎಷ್ಟೋ ಸಲ ಆ ರಕ್ಷಣೆಯೇ ಇರುವುದಿಲ್ಲ.

‘ಪಾಸ್‌ವರ್ಡ್ ಬದಲಿಸಿದರಾಯಿತು.’ ಆಗದು. ಕ್ರ್ಯಾಕ್ ದಾಳಿಗೆ ಪಾಸ್‌ವರ್ಡೇ ಬೇಕಿಲ್ಲ.

‘ಯಾರಿಗೂ ನಷ್ಟವಾದ ವರದಿ ಇಲ್ಲವಲ್ಲ.’ ಗಾಳಿಯಲ್ಲಿ ಹೋಗುವುದನ್ನು ಕದ್ದು ಕೇಳಿದವನು ಸಾಮಾನ್ಯವಾಗಿ ಗುರುತು ಬಿಟ್ಟು ಹೋಗುವುದಿಲ್ಲ. ವರದಿ ಎಲ್ಲಿಂದ ಬರಬೇಕು?

ಹಾಗೆಂದು ವೈಫೈ ಆರಿಸಿ ಕೂರಬೇಕೆಂದು ನಾನು ಹೇಳುತ್ತಿಲ್ಲ. ದೋಷ ಬಯಲಾಗುವ ಮೊದಲೇ ಮೈಕ್ರೋಸಾಫ್ಟ್ ವಿಂಡೋಸ್ ಅನ್ನು ಸರಿಪಡಿಸಿತ್ತು. ಅಪ್‌ಡೇಟ್ ಹಾಕಿಕೊಂಡವರಿಗೆ ಭಯಪಡುವ ಕಾರಣವಿರಲಿಲ್ಲ. ಭಯವಿದ್ದದ್ದು ಕಂಪನಿ ಕೈಬಿಟ್ಟ ಫೋನು, ರೂಟರುಗಳನ್ನು ಇಟ್ಟುಕೊಂಡವರಿಗೆ. ದೋಷ ಎಷ್ಟು ಗಂಭೀರವೆಂದು ಅಳೆಯಬೇಕಾದದ್ದು ಅದರ ಪರಿಹಾರ ಯಾರ ಕೈಗೆ ತಲುಪುವುದಿಲ್ಲ ಎಂಬುದರಿಂದ.

ನಿಮ್ಮ ಫೋನಿಗೆ ಕೊನೆಯ ಭದ್ರತಾ ಅಪ್‌ಡೇಟ್ ಬಂದದ್ದು ಯಾವಾಗ, ಸೆಟ್ಟಿಂಗ್ಸ್‌ನಲ್ಲಿ ಇವತ್ತೇ ನೋಡಿ. ಇಂಥ ಸಾಧನಗಳಿಗೆ ಎಲ್ಲಿಯವರೆಗೆ ಅಪ್‌ಡೇಟ್ ಕೊಡುತ್ತೇವೆಂದು ತಯಾರಕರು ಮೊದಲೇ ತಿಳಿಸಬೇಕೆಂಬ ಕಾನೂನು ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಂಥ ಕಾನೂನು ನಮಗೂ ಬೇಕು.