ಯುವ ಅಂಗಳ: ಕೋಳಿಯೂ ಇರಲಿ, ಕಾಳೂ ಇರಲಿ



ಕಳೆದ ತಿಂಗಳು ಡೊಂಬಿವಲಿಯ ಅಕ್ಕನ ಮನೆಗೆ ಹೋಗಿದ್ದೆ. ಊಟಕ್ಕೆ ಕುಳಿತಾಗ ಅಳಿಯ ಅನ್ನದ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದ. ಅವನ ತಟ್ಟೆಯಲ್ಲಿ ಬೇಯಿಸಿದ ಕೋಳಿ ತುಂಡುಗಳು ಮಾತ್ರ. "ಮಾವ, ಅನ್ನ-ಸಾರು ತಿಂದರೆ ಮೈಕಟ್ಟು ಬರೋದಿಲ್ಲ ಅಂತ ಜಿಮ್ಮಿನಲ್ಲಿ ಹೇಳಿದ್ದಾರೆ" ಎಂದ. ಅಕ್ಕ ಮಾತಾಡದೆ ಹುರುಳಿ ಸಾರಿಗೆ ಮುಚ್ಚಳ ಹಾಕಿದಳು. ಆಮೇಲೆ ಅಡುಗೆಮನೆಗೆ ಕರೆದು, "ಎರಡು ವಾರದಿಂದ ಅವನಿಗೆ ಹೊಟ್ಟೆ ಸರಿಯಿಲ್ಲ ಕಣೋ. ನೀನಾದರೂ ಹೇಳು" ಎಂದಳು.

ಹೊಟ್ಟೆ ಕೆಡದೆ ಇನ್ನೇನು? ಮಾಂಸದಲ್ಲಿ ನಾರಿನ ಅಂಶವೇ ಇಲ್ಲ. ಅದು ಸಿಗುವುದು ಕಾಳು, ಸೊಪ್ಪು, ತರಕಾರಿ, ಹಣ್ಣು, ರಾಗಿಗಳಿಂದ. ಭಾರ ಎತ್ತಲು ಬೇಕಾದ ಶಕ್ತಿಯೂ ಮುಖ್ಯವಾಗಿ ಅನ್ನ, ಚಪಾತಿ, ಮುದ್ದೆಗಳಿಂದಲೇ ಬರಬೇಕು.

ಈಗ ಲೆಕ್ಕ ನೋಡೋಣ. ಸಾಮಾನ್ಯ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ ಇನ್ನಷ್ಟು ಬೇಕು, ನಿಜ. ಆದರೆ ಕಿಲೋಗೆ 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣುವುದಿಲ್ಲ. ದಿನವಿಡೀ ತಿನ್ನುವ 250 ಗ್ರಾಂ ಅಕ್ಕಿ, ಗೋಧಿ, ರಾಗಿಯಿಂದಲೇ ಸುಮಾರು 20 ಗ್ರಾಂ ಬರುತ್ತದೆ. 30 ಗ್ರಾಂ ಬೇಳೆಯಿಂದ 7, ಅಷ್ಟೇ ಹೆಸರುಕಾಳಿನಿಂದ 7, ಒಂದು ಹಿಡಿ ಶೇಂಗಾದಿಂದ 7, ದೊಡ್ಡ ಲೋಟ ಹಾಲಿನಿಂದ 8. ಜೊತೆಗೆ ಎರಡು ಮೊಟ್ಟೆ ತಿಂದರೆ 12, ಒಂದು ಹೊತ್ತು 100 ಗ್ರಾಂ ಬಂಗುಡೆ ತಿಂದರೆ ಸುಮಾರು 19. ಕೂಡಿಸಿ ನೋಡಿ!

ಧಾನ್ಯದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯ ಕೊರತೆಯನ್ನು ಧಾನ್ಯ ತುಂಬುತ್ತದೆ. ಅನ್ನ-ಸಾರು, ಇಡ್ಲಿ-ಸಾಂಬಾರು ಹೀಗೆ ಜೋಡಿಯಾದದ್ದು ಸುಮ್ಮನೆ ಅಲ್ಲ.

ಸಸ್ಯಾಹಾರಿ ಮಿತ್ರರು ಇದನ್ನೋದಿ ಬೀಗಬೇಕಾಗಿಲ್ಲ. ಬಿ12 ಜೀವಸತ್ವ ಕಾಳು-ಸೊಪ್ಪಿನಲ್ಲಿ ಸಿಗುವುದಿಲ್ಲ. ಹಾಲು, ಮೊಸರು ಬಿಟ್ಟವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು. ಸೊಪ್ಪಿನ ಕಬ್ಬಿಣಾಂಶ ಮಾಂಸದ್ದರಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಪಲ್ಯಕ್ಕೆ ನಿಂಬೆ ಹಿಂಡಿ, ಊಟದ ಬೆನ್ನಿಗೇ ಚಹಾ ಕುಡಿಯಬೇಡಿ.

ಮಾಂಸ ತಿನ್ನುವವರು ಸಾಸೇಜು, ಸಲಾಮಿಗಳನ್ನು ದೂರವಿಡಿ. ಇಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿದೆ. ಇನ್ನು ಡಬ್ಬಿಯ ಪುಡಿ. ಮೈ ಬೆಳೆಸಲು ಅದು ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ.

ಇದನ್ನೆಲ್ಲ ಅಳಿಯನಿಗೆ ಹೇಳಿ ಬಂದೆ. ಹೋದ ಭಾನುವಾರ ಅವನದೇ ಫೋನು: "ಮಾವ, ಹುರುಳಿಯಲ್ಲಿ ಎಷ್ಟು ಪ್ರೋಟೀನ್?" ನೂರು ಗ್ರಾಮಿಗೆ ಸುಮಾರು 22 ಎಂದೆ. "ಅಮ್ಮಾ, ನನಗೂ ಸಾರು ಬಡಿಸು" ಎಂದು ಅವನು ಕೂಗಿದ್ದು ನನಗೂ ಕೇಳಿಸಿತು.